ಮನೆಯಲ್ಲಿ ಕಲಸಿದ ಕಪ್ಪು-ಬಿಳುಪು ಡೆವಲಪರ್ ಕೈಕೊಟ್ಟರೆ: ಕಲಬುರಗಿ ಸೀಮೆಯ ನೀರು, ಬಿಸಿಲಿಗೆ ತಕ್ಕ ಸಮಗ್ರ ಮಾರ್ಗದರ್ಶಿ

ಕಪ್ಪು-ಬಿಳುಪು ರೀಲು ತೊಳೆಯಲು ಡೆವಲಪರನ್ನು, ಅಂದರೆ ಫಿಲ್ಮಿನ ಮೇಲೆ ಚಿತ್ರ ಮೂಡಿಸುವ ದ್ರಾವಣವನ್ನು, ಮನೆಯಲ್ಲೇ ಕಲಸುವವರು ಎಡವುವುದು ಹೆಚ್ಚಾಗಿ ನಾಲ್ಕು ಕಡೆ. ಡಬ್ಬಿಯಲ್ಲಿರುವ ಪುಡಿ ಬೇರೆಯದಾಗಿರುತ್ತದೆ, ನೀರು ಗಡಸಾಗಿರುತ್ತದೆ, ಪುಡಿ ಹಾಕಿದ ಕ್ರಮ ಹಿಂದುಮುಂದಾಗಿರುತ್ತದೆ, ಇಲ್ಲವೇ ಬಿಸಿ ಮಿತಿ ಮೀರಿರುತ್ತದೆ. ಸೂತ್ರವೇ ತಪ್ಪಿರುವುದು ತೀರ ಅಪರೂಪ. ಹಾಗಾಗಿ ನೆಗೆಟಿವ್ ಕೆಟ್ಟ ಕೂಡಲೇ ಗ್ರಾಂ ಲೆಕ್ಕ ಬದಲಿಸಲು ಹೋಗಬೇಡಿ. ಮೊದಲು ಈ ನಾಲ್ಕನ್ನು ಒಂದೊಂದಾಗಿ ನೋಡಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದು ಸರಿಹೋಯಿತೆಂದು ಮುಂದೆಂದೂ ತಿಳಿಯುವುದಿಲ್ಲ.

ಇಲ್ಲಿ ಎರಡು ಡೆವಲಪರುಗಳನ್ನು ಮುಂದಿಟ್ಟುಕೊಂಡಿದ್ದೇವೆ. ಒಂದು, ಕೊಡಾಕ್ ಕಂಪನಿ 1927ರಲ್ಲಿ ಹೊರತಂದ ಡಿ-76. ಇಲ್‌ಫರ್ಡ್‌ನವರ ಐಡಿ-11 ಕೂಡ ಇದೇ ಪಾಕ. ಇನ್ನೊಂದು, ಎರಡೇ ಪುಡಿಯ ಡಿ-23.

ಡಿ-76, ಒಂದು ಲೀಟರಿಗೆ:

50ರಿಂದ 52 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು – 750 ಮಿ.ಲೀ.
ಮೆಟಾಲ್ – 2 ಗ್ರಾಂ
ಸೋಡಿಯಂ ಸಲ್ಫೈಟ್, ಅನ್‌ಹೈಡ್ರಸ್ (ನೀರಿನಂಶವಿಲ್ಲದ್ದು) – 100 ಗ್ರಾಂ
ಹೈಡ್ರೋಕ್ವಿನೋನ್ – 5 ಗ್ರಾಂ
ಬೋರಾಕ್ಸ್, ಅಂದರೆ ಬಿಳಿಗಾರ, ಡೆಕಾಹೈಡ್ರೇಟ್ (ಹರಳಿನೊಳಗೆ ನೀರಿನಂಶವಿರುವುದು) – 2 ಗ್ರಾಂ
ಕೊನೆಗೆ ತಣ್ಣೀರು ಸೇರಿಸಿ ಒಟ್ಟು 1 ಲೀಟರ್

ಡಿ-23ಕ್ಕೆ ಅಷ್ಟೇ ನೀರಿನಲ್ಲಿ ಮೆಟಾಲ್ 7.5 ಗ್ರಾಂ, ಸಲ್ಫೈಟ್ 100 ಗ್ರಾಂ, ಬೇರೇನೂ ಇಲ್ಲ. ಮೊದಲ ಸಲ ಕಲಸುವವರಿಗೆ ನಮ್ಮ ಸಲಹೆ ಡಿ-23. ಪುಡಿ ಕಡಿಮೆ ಇದ್ದಷ್ಟು ತಪ್ಪು ಹುಡುಕುವುದು ಸುಲಭ.

ಯಾವ ಪುಡಿ ಏನು ಮಾಡುತ್ತದೆಂದು ಗೊತ್ತಿದ್ದರೆ ಅರ್ಧ ರೋಗ ಅಲ್ಲೇ ಪತ್ತೆಯಾಗುತ್ತದೆ. ಫಿಲ್ಮಿನಲ್ಲಿರುವ ಬೆಳ್ಳಿಯ ಲವಣ ಸಿಲ್ವರ್ ಹಾಲೈಡ್. ಬೆಳಕು ಬಿದ್ದ ಕಡೆ ಅದನ್ನು ಬೆಳ್ಳಿಯಾಗಿಸುವುದು ಮೆಟಾಲ್. ಹಾಗೆ ದುಡಿದು ಸೋತ ಮೆಟಾಲಿಗೆ ಮತ್ತೆ ಶಕ್ತಿ ತುಂಬುವುದು ಹೈಡ್ರೋಕ್ವಿನೋನ್. ಬೋರಾಕ್ಸಿನಷ್ಟು ಸೌಮ್ಯ ಕ್ಷಾರದಲ್ಲಿ ಹೈಡ್ರೋಕ್ವಿನೋನ್ ಒಂದೇ ಇದ್ದರೆ ಏನೂ ಮಾಡಲಾರದು. ಸಲ್ಫೈಟ್ ಗಾಳಿಯಿಂದ ಈ ಎರಡನ್ನೂ ಕಾಯುತ್ತದೆ, ತಾನೂ ಸ್ವಲ್ಪ ಕ್ಷಾರ ಕೊಡುತ್ತದೆ, 100 ಗ್ರಾಂನಷ್ಟಿದ್ದಾಗ ಚಿತ್ರದ ಬೆಳ್ಳಿ ಕಾಳುಗಳ ಅಂಚು ಕರಗಿಸಿ ಚಿತ್ರವನ್ನು ನುಣುಪಾಗಿಸುತ್ತದೆ. ಇದರಿಂದ ಒಂದು ಉಪಯುಕ್ತ ಸುಳಿವು ಸಿಗುತ್ತದೆ. ಡಿ-76ರಲ್ಲಿ ಹೈಡ್ರೋಕ್ವಿನೋನ್ ಮರೆತರೆ ಚಿತ್ರ ತುಸು ಪೇಲವವಾಗಿಯಾದರೂ ಬರುತ್ತದೆ. ಮೆಟಾಲ್ ಮರೆತರೆ ರೀಲು ಹೆಚ್ಚುಕಡಿಮೆ ಖಾಲಿ.

ಡಬ್ಬಿಯಲ್ಲಿ ಇರುವುದೇನು?

ಕಾಲೇಜು ಪ್ರಯೋಗಾಲಯಗಳಿಗೆ ಕೆಮಿಕಲ್ ಪೂರೈಸುವ ಅಂಗಡಿಗಳಲ್ಲಿ ಇವೆಲ್ಲ ಸಿಗುತ್ತವೆ. ಲ್ಯಾಬ್ ದರ್ಜೆಯದು ಸಾಕು. ಆದರೆ ಚೀಟಿಯಲ್ಲಿ ಹೆಸರು ಪೂರ್ತಿ ಬರೆದು ಕೊಡಿ. ಸಲ್ಫೈಟ್, ಸಲ್ಫೇಟ್, ಸಲ್ಫೈಡ್, ಬೈಸಲ್ಫೈಟ್, ಥಯೋಸಲ್ಫೇಟ್ ಈ ಐದೂ ಬಾಯಿಮಾತಿನಲ್ಲಿ ಒಂದೇ ಥರ ಕೇಳುತ್ತವೆ, ಡೆವಲಪರಿನಲ್ಲಿ ಮಾತ್ರ ಐದೂ ಐದು ದಾರಿ ಹಿಡಿಯುತ್ತವೆ. ಸಲ್ಫೇಟ್ ಹಾಕಿದರೆ ದ್ರಾವಣ ಕೆಲವೇ ಗಂಟೆಗಳಲ್ಲಿ ಕಂದಾಗುತ್ತದೆ, ಕಾಯುವವರೇ ಇಲ್ಲವಲ್ಲ. ಬೈಸಲ್ಫೈಟ್ ಅಥವಾ ಮೆಟಾಬೈಸಲ್ಫೈಟ್ ಹಾಕಿದರೆ ದ್ರಾವಣ ಆಮ್ಲವಾಗಿ ಡೆವಲಪರ್ ಸತ್ತೇ ಹೋಗುತ್ತದೆ. ಥಯೋಸಲ್ಫೇಟ್ ಎಂದರೆ ಹೈಪೋ, ಡೆವಲಪ್ ಆದ ಮೇಲೆ ಉಳಿದ ಸಿಲ್ವರ್ ಹಾಲೈಡನ್ನು ತೆಗೆದು ಚಿತ್ರವನ್ನು ನಿಲ್ಲಿಸಲು ಬಳಸುವ ಪುಡಿ. ಅದು ಚಿತ್ರ ಮೂಡುವ ಮೊದಲೇ ಸಿಲ್ವರ್ ಹಾಲೈಡನ್ನು ಕರಗಿಸತೊಡಗುತ್ತದೆ. ಸಲ್ಫೈಡ್ ಎಲ್ಲಕ್ಕಿಂತ ಕೆಟ್ಟದ್ದು, ಇಡೀ ರೀಲನ್ನು ಕಪ್ಪಾಗಿಸುತ್ತದೆ. ಹಳದಿ ಚಕ್ಕೆಗಳಾಗಿದ್ದು ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಸಲ್ಫೈಡ್. ಅದಕ್ಕೆ ಆಮ್ಲ ಸೋಕಿಸಲೇಬೇಡಿ, ವಿಷಾನಿಲ ಏಳುತ್ತದೆ.

ಬಿಳಿ ಪುಡಿ ನಿಜಕ್ಕೂ ಸಲ್ಫೈಟೇ ಎಂದು ನೋಡಲು ಔಷಧ ಅಂಗಡಿಯ ಟಿಂಕ್ಚರ್ ಅಯೋಡಿನ್ ಸಾಕು. ಚಿಟಿಕೆ ಪುಡಿಯನ್ನು ನೀರಲ್ಲಿ ಕರಗಿಸಿ ಒಂದು ಹನಿ ಟಿಂಕ್ಚರ್ ಬಿಡಿ. ಕಂದು ಬಣ್ಣ ತಟ್ಟನೆ ಮಾಯವಾದರೆ ಸಲ್ಫೈಟ್ ಅಥವಾ ಅದರ ಸಮೀಪದ ಬಂಧು. ಬಣ್ಣ ಹಾಗೇ ನಿಂತರೆ ಸಲ್ಫೇಟ್. ಬಂಧುಗಳನ್ನು ಬೇರ್ಪಡಿಸಲು ಪಿಎಚ್ ಕಾಗದ ಅದ್ದಿ (ಪಿಎಚ್ 7ಕ್ಕಿಂತ ಕೆಳಗಿದ್ದರೆ ಆಮ್ಲ, ಮೇಲಿದ್ದರೆ ಕ್ಷಾರ): ಸಲ್ಫೈಟ್ ದ್ರಾವಣ 9ರ ಆಸುಪಾಸು ತೋರಿಸುತ್ತದೆ, ಬೈಸಲ್ಫೈಟ್ 4ರಿಂದ 5, ಹೈಪೋ ಸುಮಾರು 7.

ಇದೇ ಟಿಂಕ್ಚರಿನಿಂದ ಹಳೆಯ ಸಲ್ಫೈಟಿನ ಶಕ್ತಿಯನ್ನೂ ಅಳೆಯಬಹುದು. ಮುಚ್ಚಳ ಸಡಿಲವಿದ್ದ ಡಬ್ಬಿಯೊಳಗೆ, ಅದರಲ್ಲೂ ಮಳೆಗಾಲದಲ್ಲಿ, ಸಲ್ಫೈಟ್ ಗಾಳಿ ಹೀರಿ ಮೆಲ್ಲಗೆ ಸಲ್ಫೇಟ್ ಆಗುತ್ತದೆ. ಕಣ್ಣಿಗೆ ವ್ಯತ್ಯಾಸ ಕಾಣದು. 100 ಮಿ.ಲೀ. ನೀರಿಗೆ 1 ಗ್ರಾಂ ಕರಗಿಸಿ ಅದರಲ್ಲಿ 1 ಮಿ.ಲೀ. ತೆಗೆದುಕೊಳ್ಳಿ. ಹಳದಿ ಬಣ್ಣ ಮಾಯವಾಗದೆ ನಿಲ್ಲುವವರೆಗೆ ಟಿಂಕ್ಚರ್ ಹನಿಗಳನ್ನು ಎಣಿಸಿ. ಹೊಸ ಡಬ್ಬಿಯ ಪುಡಿಗೂ ಅದೇ ಪಿಪೆಟ್ಟಿನಿಂದ ಹೀಗೇ ಮಾಡಿ. ಹೊಸದಕ್ಕೆ 40 ಹನಿ, ಹಳೆಯದಕ್ಕೆ 30 ಆದರೆ ಹಳೆಯದರಲ್ಲಿ ಉಳಿದದ್ದು ಮುಕ್ಕಾಲು ಪಾಲು ಸಲ್ಫೈಟ್.

ಹರಳು ರೂಪದ ಸಲ್ಫೈಟ್, ಅಂದರೆ ಹೆಪ್ಟಾಹೈಡ್ರೇಟ್, ಕೊಟ್ಟಿದ್ದರೆ ಅದರ ಅರ್ಧ ತೂಕ ಬರೀ ನೀರು. 100 ಗ್ರಾಂ ಬದಲು 200 ಗ್ರಾಂ ಹಾಕಬೇಕು.

ಬಿಳಿಗಾರದ ಕಥೆ ಬೇರೆ. ಅಕ್ಕಸಾಲಿಗರು ಬೆಸುಗೆಗೆ ಬಳಸುವುದರಿಂದ ಸರಾಫ ಬಜಾರಿನ ಆಸುಪಾಸು, ಗ್ರಂಥಿಗೆ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಹುರಿದು ಅರಳಿಸಿದ್ದನ್ನು ತರಬೇಡಿ. ಅದರ ನೀರೆಲ್ಲ ಹಾರಿಹೋಗಿರುವುದರಿಂದ 2 ಗ್ರಾಂ ಹಾಕಿದರೆ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ಪೂರ್ತಿ ಒಣಗಿದ್ದಾದರೆ 1.05 ಗ್ರಾಂ ಸಾಕು. ಇನ್ನು ಕೇರಂ ಪುಡಿಯೆಂದು ಮಾರುವ ಬೋರಿಕ್ ಆಸಿಡ್ ಬೋರಾಕ್ಸ್ ಅಲ್ಲವೇ ಅಲ್ಲ. ಅದು ಕ್ಷಾರವನ್ನು ತಗ್ಗಿಸುತ್ತದೆ, ಡೆವಲಪರ್ ಮಂಕಾಗುತ್ತದೆ. ಇವೆರಡರಲ್ಲಿ ಯಾವುದೆಂದು ಅಡುಗೆಮನೆಯ ಅರಿಶಿನವೇ ಹೇಳುತ್ತದೆ. ಅರಿಶಿನದ ನೀರಲ್ಲಿ ಅದ್ದಿ ಒಣಗಿಸಿದ ಬಿಳಿ ಕಾಗದದ ಮೇಲೆ ಪುಡಿ ಕರಗಿಸಿದ ನೀರಿನ ಹನಿ ಇಡಿ. ಬಿಳಿಗಾರವಾದರೆ ಕೂಡಲೇ ಕುಂಕುಮದ ಕಡೆಗೆ ತಿರುಗುತ್ತದೆ, ಬೋರಿಕ್ ಆಸಿಡ್ ಹಳದಿಯಾಗೇ ಉಳಿಯುತ್ತದೆ. ಹಸಿ ಇರುವಾಗಲೇ ನೋಡಬೇಕು. ಒಣಗಿದ ಮೇಲೆ ಬೋರಿಕ್ ಆಸಿಡ್ ಕೂಡ ಕೆಂಪಗಾಗಬಹುದು.

ಮೆಟಾಲ್ ಬಿಳಿ ಅಥವಾ ತೀರ ನಸು ಬೂದು ಇರಬೇಕು. ಕಾಫಿಪುಡಿಯ ಬಣ್ಣಕ್ಕೆ ತಿರುಗಿದ್ದರೆ ಬೇಡ. ಹೈಡ್ರೋಕ್ವಿನೋನ್ ಸೂಜಿಯಂಥ ಬಿಳಿ ಹರಳು. ಒಂದಿಷ್ಟು ನಸುಗಂದು ಇದ್ದರೆ ತೊಂದರೆಯಿಲ್ಲ.

ನೀರು: ಬೇಳೆ ಬೇಯದ ನೀರು ಡೆವಲಪರಿಗೂ ಬೇಡ

ಶಹಾಬಾದ್, ವಾಡಿ, ಸೇಡಂ, ಚಿತ್ತಾಪುರ ಸುತ್ತಲಿನ ನೆಲದಡಿ ಸುಣ್ಣಕಲ್ಲಿನ ಹಾಸು. ಮನೆಗೆ ಹಾಸುವ ಶಹಾಬಾದ್ ಫರಸಿಯೂ, ಸಿಮೆಂಟ್ ಕಾರ್ಖಾನೆಗಳ ಕಚ್ಚಾವಸ್ತುವೂ ಅದೇ. ಆ ಕಲ್ಲಿನ ನಡುವಿಂದ ಎತ್ತಿದ ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ ತುಂಬಿರುತ್ತದೆ. ಸಾಬೂನು ನೊರೆ ಕಟ್ಟದ, ತೊಗರಿಬೇಳೆ ಬೇಗ ಬೇಯದ, ಕಾಯಿಸಿದ ಪಾತ್ರೆಗೆ ಬಿಳಿ ಪದರ ಹಿಡಿಯುವ ನೀರಿಗೆ 100 ಗ್ರಾಂ ಸಲ್ಫೈಟ್ ಸುರಿದರೆ ಕ್ಯಾಲ್ಸಿಯಂ ಸಲ್ಫೈಟ್ ಬಿಳಿ ಕೆಸರಾಗಿ ತಳಕ್ಕೆ ಕೂರುತ್ತದೆ. ಕೆಲವೊಮ್ಮೆ ಕೂಡಲೇ, ಕೆಲವೊಮ್ಮೆ ಮರುದಿನ. ಡೆವಲಪರಿನ ಶಕ್ತಿಗೆ ಇದರಿಂದ ದೊಡ್ಡ ಹಾನಿಯಿಲ್ಲ, ಆದರೆ ಆ ಕಣ ನೆಗೆಟಿವ್ ಮೇಲೆ ಅಂಟಿದರೆ ಪ್ರಿಂಟಿನಲ್ಲಿ ಬಿಳಿ ಚುಕ್ಕೆಯಾಗಿ ಕಾಣುತ್ತದೆ. ಬೀದರ್ ಕೋಟೆ ನಿಂತಿರುವ ಕೆಂಪು ಜಂಬಿಟ್ಟಿಗೆ ನೆಲದ ಗುಣ ಬೇರೆ, ಯಾದಗಿರಿ ಕಡೆಯ ಸವಳು ಬಾವಿಗಳ ಗುಣವೇ ಬೇರೆ. ಊರ ಹೆಸರು ನೋಡಿ ತೀರ್ಮಾನಿಸದೆ ನಿಮ್ಮ ನಲ್ಲಿಯ ನೀರನ್ನೇ ಪರೀಕ್ಷಿಸಿ. ಒಂದು ಲೋಟ ನೀರಿಗೆ ಅರ್ಧ ಚಮಚ ಬಟ್ಟೆ ಸೋಡಾ ಹಾಕಿ ಕಲಕಿ ಹತ್ತು ನಿಮಿಷ ಬಿಡಿ. ನೀರು ಹಾಲಿನಂತೆ ಕದಡಿದರೆ ಅದು ಗಡಸು.

ಪರಿಹಾರ ಅಗ್ಗದ್ದೇ. ಹಳ್ಳಿಹಳ್ಳಿಯಲ್ಲಿರುವ ಶುದ್ಧ ಕುಡಿಯುವ ನೀರಿನ ಘಟಕದ ಆರ್‌ಒ ನೀರು ಒಂದು ಕ್ಯಾನ್ ತಂದರೆ ಹಲವು ಸಲಕ್ಕೆ ಸಾಕು. ಇನ್ನೂ ಖಚಿತ ಬೇಕಿದ್ದರೆ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್. ಬ್ಯಾಟರಿ ನೀರು ಎಂದಷ್ಟೇ ಕೇಳಿದರೆ ಕೆಲವೊಮ್ಮೆ ಆಸಿಡ್ ಕ್ಯಾನೇ ಕೈಗೆ ಬಂದೀತು, ಚೀಟಿ ಓದಿಯೇ ತನ್ನಿ. ಎಸಿಯಿಂದ ತೊಟ್ಟಿಕ್ಕುವ ನೀರನ್ನು ಬಹಳ ಜನ ಇನ್ವರ್ಟರಿಗೆ ಹಿಡಿದಿಡುತ್ತಾರೆ. ಅದನ್ನು ಡೆವಲಪರಿಗೆ ಬಳಸಬೇಡಿ. ಅದು ತಾಮ್ರದ ಸುರುಳಿಯ ಮೇಲಿಂದ, ಧೂಳಿನ ಮೇಲಿಂದ ಹರಿದು ಬಂದದ್ದು.

ಬೋರ್ ನೀರೇ ಗತಿಯೆಂದಾದರೆ ಹತ್ತು ನಿಮಿಷ ಕುದಿಸಿ, ಆರಲು ಬಿಟ್ಟು, ತಳದ ಗಷ್ಟು ಕದಡದಂತೆ ಬಸಿದುಕೊಳ್ಳಿ. ಉಳಿದ ಗಡಸಿಗೆ ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ಲೀಟರಿಗೆ 1ರಿಂದ 2 ಗ್ರಾಂ. ಅದನ್ನು ಎಲ್ಲ ಪುಡಿಗಳಿಗಿಂತ ಮೊದಲು ನೀರಿಗೆ ಹಾಕಬೇಕು. ಕೆಸರು ಬಂದಮೇಲೆ ಹಾಕಿದರೆ ಪ್ರಯೋಜನ ಕಡಿಮೆ. ನಲ್ಲಿ ನೀರಿನ ಕ್ಲೋರಿನ್ ಬಗ್ಗೆ ಚಿಂತೆ ಬೇಡ, ಅಷ್ಟು ಸಲ್ಫೈಟಿನ ಮುಂದೆ ಅದು ಉಳಿಯುವುದಿಲ್ಲ.

ತಾಮ್ರದ ಮಾತು ಬಂದದ್ದಕ್ಕೆ ಹೇಳಬೇಕು: ತಾಮ್ರ, ಹಿತ್ತಾಳೆ, ಕಲಾಯಿ ಸವೆದ ಪಾತ್ರೆ ಯಾವುದೂ ಹತ್ತಿರ ಬರಬಾರದು. ಅತ್ಯಲ್ಪ ತಾಮ್ರವಿದ್ದರೂ ಡೆವಲಪರ್ ಬೇಗ ಗಾಳಿ ಹೀರಿ ಕೆಡುತ್ತದೆ, ಫಿಲ್ಮ್ ಮೇಲೆ ಮಸುಕು ಬರುತ್ತದೆ. ಬೀದರಿನಲ್ಲಿ ಬಿದ್ರಿ ಕೆಲಸದ ಮನೆಗಳಲ್ಲಿ ಕೆತ್ತನೆಗೆ ಮುನ್ನ ಲೋಹವನ್ನು ಕಪ್ಪಾಗಿಸಲು ಮೈಲುತುತ್ತದ ನೀರು ಬಳಸುತ್ತಾರೆ. ಹೊಲದ ಮನೆಗಳಲ್ಲೂ ಸಿಂಪಡಣೆಗೆಂದು ಮೈಲುತುತ್ತ ಇರುತ್ತದೆ. ಅದು ತಾಮ್ರದ ಲವಣ. ಆ ತಕ್ಕಡಿ, ಆ ಬಕೆಟ್ಟು, ಆ ಚಮಚ ಎಷ್ಟು ತೊಳೆದಿದ್ದರೂ ಡೆವಲಪರಿಗೆ ಬೇಡ. ಗಾಜು, ಪ್ಲಾಸ್ಟಿಕ್, ಒಳ್ಳೆಯ ಸ್ಟೀಲ್ ಮಾತ್ರ, ಅದೂ ಅಡುಗೆಗೆ ಮತ್ತೆ ಹೋಗದಂಥದ್ದು.

ತೂಕ

0.01 ಗ್ರಾಂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ಸಾಕು. ಫ್ಯಾನ್ ಆರಿಸಿ ತೂಗಿ. ಬೇಸಿಗೆಯಲ್ಲಿ ಇದು ಕಷ್ಟವೇ, ಆದರೆ ಗಾಳಿಗೆ 2 ಗ್ರಾಂ ಮೆಟಾಲಿನ ತೂಕ ಕುಣಿಯುತ್ತದೆ, ಪುಡಿಯೂ ಹಾರಿ ಉಸಿರಿಗೆ ಹೋಗುತ್ತದೆ. ತಕ್ಕಡಿ ಸರಿಯಿದೆಯೇ ಎಂದು ನೋಡಲು ಸವೆಯದ, ಎರಡು ಬಣ್ಣದ ಲೋಹವಿರುವ 10 ರೂಪಾಯಿಯ ಒಂದು ನಾಣ್ಯ ಇಡಿ, ಸುಮಾರು 7.7 ಗ್ರಾಂ ತೋರಿಸಬೇಕು. 100 ಗ್ರಾಂ ಸಲ್ಫೈಟಿನಲ್ಲಿ 2 ಗ್ರಾಂ ಆಚೀಚೆ ಆದರೆ ಏನೂ ಆಗದು. 2 ಗ್ರಾಂ ಮೆಟಾಲಿನಲ್ಲಿ 0.3 ಗ್ರಾಂ ಆಚೀಚೆ ಆದರೆ ಅದು ಶೇ. 15. ಸಣ್ಣ ತೂಕದ ಮೇಲೆ ನಂಬಿಕೆ ಇಲ್ಲದಿದ್ದರೆ 20 ಗ್ರಾಂ ಬೋರಾಕ್ಸನ್ನು 1 ಲೀಟರ್ ನೀರಿನಲ್ಲಿ ಕರಗಿಸಿಟ್ಟುಕೊಳ್ಳಿ. ಅದರ 100 ಮಿ.ಲೀ.ಯಲ್ಲಿ ಸರಿಯಾಗಿ 2 ಗ್ರಾಂ ಇರುತ್ತದೆ. ಆಗ ಶುರುವಿನ ನೀರನ್ನು 750ರ ಬದಲು 650 ಮಿ.ಲೀ. ತೆಗೆದುಕೊಳ್ಳಿ. ಮೆಟಾಲನ್ನು ಹೀಗೆ ಕರಗಿಸಿಡಲಾಗದು, ಕೆಟ್ಟುಹೋಗುತ್ತದೆ. ಚಮಚದ ಅಳತೆಯಂತೂ ಬೇಡವೇ ಬೇಡ.

ಕಲಸುವ ಕ್ರಮ, ಹೆಜ್ಜೆಹೆಜ್ಜೆಯಾಗಿ

ಕೈಗವಸು, ಮುಖಕ್ಕೆ ಮಾಸ್ಕ್, ಕಣ್ಣಿಗೆ ಕನ್ನಡಕ. ಮೆಟಾಲ್ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ, ಒಮ್ಮೆ ಶುರುವಾದ ಕಜ್ಜಿ ಪ್ರತಿ ಸಲವೂ ಮರಳುತ್ತದೆ. ಹೈಡ್ರೋಕ್ವಿನೋನ್ ಧೂಳು ಕಣ್ಣಿಗೆ ಕೆಟ್ಟದ್ದು. ಅಡುಗೆಮನೆಯಲ್ಲಿ ಮಾಡಬೇಡಿ.

1. ಎಲ್ಲ ಪುಡಿಗಳನ್ನೂ ಮೊದಲೇ ತೂಗಿ ಬೇರೆ ಬೇರೆ ಕಾಗದದ ಮೇಲೆ ಹೆಸರು ಬರೆದು ಸಾಲಾಗಿಡಿ. ನಡುವೆ ತೂಗಲು ಎದ್ದುಹೋದಾಗಲೇ ಒಂದು ಪುಡಿ ಮರೆತುಹೋಗುವುದು, ಇಲ್ಲವೇ ಎರಡು ಸಲ ಬೀಳುವುದು.

2. 750 ಮಿ.ಲೀ. ನೀರನ್ನು 50 ಡಿಗ್ರಿಗೆ ತನ್ನಿ. ಏಪ್ರಿಲ್-ಮೇ ತಿಂಗಳಲ್ಲಿ ಮಾಳಿಗೆಯ ಟ್ಯಾಂಕಿನ ನೀರೇ ಕೈ ಸುಡುವಷ್ಟಿರುತ್ತದೆಂದು ಅಂದಾಜಿಗೆ ಬಿಡಬೇಡಿ, ಥರ್ಮಾಮೀಟರ್ ಇಟ್ಟು ನೋಡಿ. ಕುದಿನೀರಿಗೆ ಮೆಟಾಲ್ ಹಾಕಿದರೆ ಅದು ಅಲ್ಲೇ ಕೆಡುತ್ತದೆ. 40ಕ್ಕಿಂತ ಕೆಳಗಿದ್ದರೆ ಹೈಡ್ರೋಕ್ವಿನೋನ್ ಕರಗಲು ತಡವಾಗುತ್ತದೆ.

3. ತೂಗಿಟ್ಟ ಸಲ್ಫೈಟಿನಿಂದಲೇ ಒಂದು ಚಿಟಿಕೆ, ಚಿಟಿಕೆಯಷ್ಟೇ, ನೀರಿಗೆ ಹಾಕಿ. ನೀರಿನಲ್ಲಿ ಕರಗಿರುವ ಗಾಳಿ ಮೆಟಾಲನ್ನು ಕೆಡಿಸದಂತೆ ಇದು ತಡೆಯುತ್ತದೆ.

4. ಮೆಟಾಲ್ ಹಾಕಿ ಪೂರ್ತಿ ಕರಗುವವರೆಗೆ ತಿರುವಿ. ಒಂದು ಕಣವೂ ಉಳಿಯಬಾರದು. ಪಾತ್ರೆಯನ್ನು ಬೆಳಕಿಗೆ ಹಿಡಿದು ನೋಡಿ. ಅತಿ ಹೆಚ್ಚು ಜನ ತಪ್ಪುವುದು ಇಲ್ಲೇ. ಸಲ್ಫೈಟ್ ತುಂಬಿದ ನೀರಿನಲ್ಲಿ ಮೆಟಾಲ್ ಕರಗಲು ಒಪ್ಪುವುದಿಲ್ಲ. ಅದಕ್ಕೇ ಅದು ಮೊದಲು ಬರಬೇಕು.

5. ಉಳಿದ ಸಲ್ಫೈಟನ್ನು ನಿಧಾನವಾಗಿ, ತಿರುವುತ್ತಲೇ ಉದುರಿಸಿ. ರವೆ ಉಪ್ಪಿಟ್ಟಿಗೆ ರವೆ ಬಿಡುವ ಹಾಗೆ. ಒಮ್ಮೆಲೇ ಸುರಿದರೆ ತಳದಲ್ಲಿ ಹೆಂಟೆಗಟ್ಟಿ ಕಲ್ಲಾಗುತ್ತದೆ, ಆಮೇಲೆ ಅರ್ಧ ಗಂಟೆ ಕೆದಕಬೇಕು.

6. ಹೈಡ್ರೋಕ್ವಿನೋನ್. ಸಲ್ಫೈಟ್ ಆಗಲೇ ಇರುವುದರಿಂದ ಇದಕ್ಕೆ ಕಾವಲಿದೆ. ಪೂರ್ತಿ ಕರಗಲಿ.

7. ಬೋರಾಕ್ಸ್ ಕೊನೆಗೆ. ಕ್ಷಾರ ಏರಿದಷ್ಟೂ ಡೆವಲಪರ್ ಗಾಳಿಯನ್ನು ಬೇಗ ಹೀರುತ್ತದೆ, ಆದ್ದರಿಂದ ಅದು ಕಡೆಯ ಅತಿಥಿ.

8. ತಣ್ಣೀರು ಸೇರಿಸಿ ಸರಿಯಾಗಿ 1 ಲೀಟರ್ ಮಾಡಿ. ಬಿಸಿಯಿರುವಾಗ ಗುರುತಿಗೆ ತಂದರೆ ಆರಿದ ಮೇಲೆ ತುಸು ಇಳಿಯುತ್ತದೆ. ಆರಿದ ನಂತರ ಮತ್ತೊಮ್ಮೆ ನೋಡಿ.

ಮಿಕ್ಸಿ, ಕಡಗೋಲು ಬೇಡ. ನೊರೆಯೆಂದರೆ ಗಾಳಿ. ಗಾಜಿನ ಕಡ್ಡಿಯಿಂದ ಸುಳಿ ಏಳದಂತೆ ಮೆಲ್ಲಗೆ ತಿರುವಿದರೆ ಸಾಕು. ಕಲಸಿದ ಮೇಲೆ ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಬಳಸಿ.

ಪಾತ್ರೆಯಲ್ಲಿ ಕಾಣುವ ಲಕ್ಷಣಗಳು

ಸಲ್ಫೈಟ್ ಹಾಕಿದ ಕೂಡಲೇ ಗರಿಯಂಥ ಬಿಳಿ ಹರಳು ತೇಲಿದರೆ ಮೆಟಾಲ್ ಪೂರ್ತಿ ಕರಗಿರಲಿಲ್ಲ, ಇಲ್ಲವೇ ನೀರು ತಣ್ಣಗಿತ್ತು. ಬಿಸಾಡುವ ಮೊದಲು ಪ್ರಯತ್ನಿಸಿ: ಪಾತ್ರೆಯನ್ನು ಬಿಸಿನೀರಿನ ಬೋಗುಣಿಯಲ್ಲಿಟ್ಟು 50 ಡಿಗ್ರಿಗೆ ತನ್ನಿ, ಉಳಿದ 250 ಮಿ.ಲೀ. ನೀರನ್ನೂ ಅಷ್ಟೇ ಬಿಸಿಯಾಗಿ ಸೇರಿಸಿ, ಹದಿನೈದು ನಿಮಿಷ ತಿರುವಿ. ದ್ರಾವಣ ತೆಳುವಾದಷ್ಟೂ ಮೆಟಾಲ್ ಮತ್ತೆ ಕರಗುವ ಸಾಧ್ಯತೆ ಹೆಚ್ಚು. ತಿಳಿಯಾದರೆ ಬಳಸಬಹುದು. ಹರಳನ್ನು ಸೋಸಿ ತೆಗೆದು ಉಳಿದದ್ದನ್ನು ಬಳಸುವುದು ಮಾತ್ರ ತಪ್ಪು. ಸೋಸಿ ಎಸೆದದ್ದು ಡೆವಲಪರಿನ ಜೀವವನ್ನೇ.

ಮರುದಿನ ತಳದಲ್ಲಿ ಕಂಡ ನುಣುಪಾದ ಬಿಳಿ ಗಷ್ಟು ಕ್ಯಾಲ್ಸಿಯಂ. ಇದನ್ನು ಹತ್ತಿ ಅಥವಾ ಫಿಲ್ಟರ್ ಕಾಗದದಲ್ಲಿ ಸೋಸಿ ಧೈರ್ಯವಾಗಿ ಬಳಸಿ. ಎರಡರ ಗುರುತು ಹೇಗೆ? ಸ್ವಲ್ಪವನ್ನು ಬಿಸಿ ಮಾಡಿ ನೋಡಿ. ಮೆಟಾಲ್ ಹರಳು ಬಿಸಿಗೆ ಕರಗುತ್ತದೆ, ಕ್ಯಾಲ್ಸಿಯಂ ಕೆಸರು ಕರಗುವುದಿಲ್ಲ.

ಬಣ್ಣದ ವಿಷಯ: ಹೊಸ ಡಿ-76 ನೀರಿನಂತೆಯೇ ಇರಬೇಕು. ನಸು ಹಳದಿಯಾದರೆ ಚಿಂತೆಯಿಲ್ಲ. ಕಲಸುವಾಗಲೇ ಗುಲಾಬಿ ಅಥವಾ ಕಂದು ಬಂದರೆ ಮೆಟಾಲ್ ಹಳೆಯದು, ನೀರು ಅತಿ ಬಿಸಿ, ಚಿಟಿಕೆ ಸಲ್ಫೈಟ್ ಮರೆತಿದೆ, ಅಥವಾ ಸಲ್ಫೈಟ್ ಸತ್ತಿದೆ. ಈ ಅನುಕ್ರಮದಲ್ಲೇ ಅನುಮಾನಿಸಿ. ಹಾಲಿಲ್ಲದ ಚಹಾದ ಬಣ್ಣ ಬಂದದ್ದನ್ನು ಮುಖ್ಯವಾದ ರೀಲಿಗೆ ಬಳಸಬೇಡಿ.

ರೀಲು ಹಾಕುವ ಮುನ್ನ ತುಂಡು ಪರೀಕ್ಷೆ

ಪ್ರತಿ ಹೊಸ ಪಾಕಕ್ಕೂ ಇದನ್ನು ಮಾಡಿ, ಒಂದು ಮದುವೆಯ ರೀಲೋ ಉರುಸಿನ ರೀಲೋ ಹಾಳಾಗುವುದಕ್ಕಿಂತ 5 ಸೆಂ.ಮೀ. ಫಿಲ್ಮ್ ಹೋಗಲಿ. ರೀಲಿನ ಮೊದಲ ತುದಿ ಹೇಗೂ ಬೆಳಕು ಕಂಡಿರುತ್ತದೆ. ಅದನ್ನು ಕತ್ತರಿಸಿ, ಸಾಮಾನ್ಯ ಬೆಳಕಿನಲ್ಲೇ, ಡೆವಲಪರಿನಲ್ಲಿ ನಿಮಿಷಕ್ಕೆ 1 ಸೆಂ.ಮೀ.ನಂತೆ ಇಳಿಸುತ್ತ ಹೋಗಿ. ನಂತರ ನೀರು, ಹೈಪೋ, ತೊಳೆತ. ಕಪ್ಪಿನ ಮೆಟ್ಟಿಲು ಸಿಗುತ್ತದೆ. ಚೆನ್ನಾಗಿ ಬಂದ ಪಾಕದ ಮೆಟ್ಟಿಲನ್ನು ತಾರೀಖು, ತಾಪಮಾನ ಬರೆದು ಜೋಪಾನವಾಗಿಡಿ. ಮುಂದಿನ ಪಾಕಗಳನ್ನೆಲ್ಲ ಅದೇ ಕಂಪನಿಯ ಫಿಲ್ಮಿನಲ್ಲಿ, ಅದೇ ತಾಪದಲ್ಲಿ, ಇದಕ್ಕೆ ಹೋಲಿಸಿ. ಮೊದಲ ನಿಮಿಷಗಳ ಮೆಟ್ಟಿಲು ತೆಳುವಾದರೆ ಪಾಕ ಮಂದ, ದಪ್ಪವಾದರೆ ಚುರುಕು. ಪಿಎಚ್ ಮೀಟರ್ ಇಲ್ಲದವರಿಗೆ ಇದಕ್ಕಿಂತ ನಂಬಿಕಸ್ಥ ಸಾಧನ ಇನ್ನೊಂದಿಲ್ಲ.

ನೆಗೆಟಿವ್ ಹೇಳುವ ಮಾತು

ಮೊದಲು ಅಂಚು ನೋಡಿ. ರಂಧ್ರಗಳ ಪಕ್ಕದ ಅಂಕಿ, ಕಂಪನಿಯ ಹೆಸರು ಕಾರ್ಖಾನೆಯಲ್ಲೇ ಬೆಳಕಿನಿಂದ ಬರೆದವು, ನಿಮ್ಮ ಕ್ಯಾಮೆರಾಗೂ ಅದಕ್ಕೂ ಸಂಬಂಧವಿಲ್ಲ. ಅಂಕಿ ಗಟ್ಟಿಯಾಗಿದ್ದು ಚಿತ್ರ ಇಲ್ಲವೆಂದರೆ ಡೆವಲಪರ್ ಸರಿಯಿದೆ; ಫಿಲ್ಮ್ ಸುತ್ತಿಕೊಂಡಿಲ್ಲ, ಇಲ್ಲವೇ ಶಟರ್ ತೆರೆದಿಲ್ಲ. ಅಂಕಿಯೂ ಇಲ್ಲ, ಚಿತ್ರವೂ ಇಲ್ಲ ಎಂದರೆ ಮೆಟಾಲ್ ಮರೆತಿದೆ, ಸಲ್ಫೈಟ್ ಬದಲು ಬೈಸಲ್ಫೈಟ್ ಬಿದ್ದಿದೆ, ಅಥವಾ ಹೈಪೋ ಬಾಟಲಿಯನ್ನೇ ಮೊದಲು ಸುರಿದಿದ್ದೀರಿ.

ಅಂಕಿಯೂ ಚಿತ್ರವೂ ಎರಡೂ ಪೇಲವವಾಗಿದ್ದರೆ ಡೆವಲಪ್ ಕಡಿಮೆಯಾಗಿದೆ. ಬೋರಾಕ್ಸ್ ಬದಲು ಬೋರಿಕ್ ಆಸಿಡ್, ಹೆಪ್ಟಾಹೈಡ್ರೇಟಿನ ಲೆಕ್ಕ ತಪ್ಪಿದ್ದು, ತಣ್ಣಗಿದ್ದದ್ದು, ಬಳಸಿ ಬಳಸಿ ಸೋತದ್ದು ಇವುಗಳಲ್ಲಿ ಒಂದು. ಬೀದರಿನ ಡಿಸೆಂಬರ್ ಬೆಳಗಿನ ಚಳಿಯಲ್ಲಿ ಫಿಲ್ಮ್ ತೊಳೆಯುವ ಟ್ಯಾಂಕಿನೊಳಗೆ ಹಾಕುವಾಗ 20 ಡಿಗ್ರಿ ಇದ್ದದ್ದು ಹತ್ತು ನಿಮಿಷದಲ್ಲಿ ಇಳಿದಿರುತ್ತದೆ ಎಂಬುದನ್ನೂ ಮರೆಯಬೇಡಿ. ಚಿತ್ರ ಪೇಲವವಾಗಿದ್ದು ಅಂಕಿ ಗಟ್ಟಿಯಿದ್ದರೆ ಬೆಳಕು ಕಡಿಮೆ ಕೊಟ್ಟಿದ್ದೀರಿ, ಪಾಕವನ್ನು ಮುಟ್ಟಬೇಡಿ.

ಎಲ್ಲವೂ ಅತಿ ಕಪ್ಪಾಗಿ, ಆಕಾಶದಲ್ಲಿ ವಿವರವೇ ಇಲ್ಲದಂತಾದರೆ ಮೊದಲ ಅನುಮಾನ ಬಿಸಿಯ ಮೇಲೆ. ಎರಡನೆಯದು, ಬಿಳಿಗಾರವೆಂದು ಬಟ್ಟೆ ಸೋಡಾ ಬಿದ್ದಿರುವುದು. ಮೂರನೆಯದು ಡಿ-76ರದ್ದೇ ಗುಣ: ಇಟ್ಟಷ್ಟೂ ಹೈಡ್ರೋಕ್ವಿನೋನ್ ಗಾಳಿಯೊಡನೆ, ಸಲ್ಫೈಟಿನೊಡನೆ ವರ್ತಿಸಿ ಕ್ಷಾರವನ್ನು ಬಿಡುಗಡೆ ಮಾಡುತ್ತದೆ. 2 ಗ್ರಾಂ ಬೋರಾಕ್ಸಿಗೆ ಅದನ್ನು ಹಿಡಿದಿಡುವ ಶಕ್ತಿಯಿಲ್ಲ. ಹೀಗಾಗಿ ತಿಂಗಳ ಹಿಂದಿನ ಪಾಕ ಹೊಸದಕ್ಕಿಂತ ಚುರುಕಾಗಿರಬಹುದು. ಹಳೆಯದಾದರೆ ಶಕ್ತಿ ಕುಂದಿರುತ್ತದೆಂದು ಸಮಯ ಹೆಚ್ಚಿಸಿದವರ ನೆಗೆಟಿವ್ ಇನ್ನೂ ಕಪ್ಪಾಗುತ್ತದೆ. ಬಹುಕಾಲ ಇಡುವವರು 2 ಗ್ರಾಂ ಬದಲು ಬೋರಾಕ್ಸ್ 8 ಗ್ರಾಂ, ಬೋರಿಕ್ ಆಸಿಡ್ 8 ಗ್ರಾಂ ಹಾಕಿ. ಎರಡೂ ಸೇರಿ ಪಿಎಚ್ ಅಲುಗದಂತೆ ಹಿಡಿಯುತ್ತವೆ. ಇಲ್ಲಿ ಲ್ಯಾಬ್ ದರ್ಜೆಯ ಬೋರಿಕ್ ಆಸಿಡ್ಡೇ ಬೇಕು. ಕೇರಂ ಪುಡಿಯಲ್ಲಿ ಬೇರೇನು ಬೆರೆಸಿರುತ್ತಾರೋ ಹೇಳಲಾಗದು.

ಚಿತ್ರ ಸರಿಯಿದ್ದು ಖಾಲಿ ಜಾಗವೆಲ್ಲ ಬೂದು ಮುಸುಕಾಗಿದ್ದರೆ ತಾಮ್ರ, ಸಲ್ಫೈಡ್, ಇಲ್ಲವೇ ಫಿಲ್ಮೇ ಹಳೆಯದು. ಓರೆಯಾಗಿ ಹಿಡಿದಾಗ ಒಂದು ಬಣ್ಣ, ಬೆಳಕಿಗೆ ಅಡ್ಡ ಹಿಡಿದಾಗ ಇನ್ನೊಂದು ಬಣ್ಣ ಕಾಣುವ ಮುಸುಕಾದರೆ ಡೆವಲಪರಿಗೆ ಹೈಪೋ ಸೇರಿದೆ. ಅಳತೆಗಾಜು, ಆಲಿಕೆ ಎರಡಕ್ಕೂ ಬೇರೆ ಬೇರೆ ಇಟ್ಟುಕೊಳ್ಳಿ.

ಬಿಸಿಲುಗಾಲದ ತೊಳೆತ

ಹೊರಗೆ 42 ಡಿಗ್ರಿ ಇರುವಾಗ 20 ಡಿಗ್ರಿಗೆ ಹಟ ಹಿಡಿಯುವುದರಲ್ಲಿ ಅರ್ಥವಿಲ್ಲ. 24ರಲ್ಲಿ ಕೆಲಸ ಮಾಡಿ. ಡೆವಲಪರ್, ನೀರು, ಹೈಪೋ ಎಲ್ಲವೂ ಒಂದಕ್ಕೊಂದು 2-3 ಡಿಗ್ರಿಯೊಳಗಿರಲಿ. ಡೆವಲಪರ್ 22, ತೊಳೆಯುವ ನೀರು ಮಾಳಿಗೆ ಟ್ಯಾಂಕಿನ 40 ಎಂದಾದರೆ ಫಿಲ್ಮಿನ ಜೆಲಾಟಿನ್ ಉಬ್ಬಿ ಬಿರುಕುಬಿಟ್ಟಂತಾಗುತ್ತದೆ. ಹಿಂದಿನ ರಾತ್ರಿಯೇ ಮಣ್ಣಿನ ಹರವಿಯಲ್ಲಿ ನೀರು ತುಂಬಿಟ್ಟರೆ ಈ ಭಾಗದ ಒಣ ಹವೆಗೆ ಚೆನ್ನಾಗಿ ತಣಿದಿರುತ್ತದೆ. ಉಳಿದದ್ದಕ್ಕೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಮಂಜುಗಡ್ಡೆಯನ್ನು ಬೋಗುಣಿ ನೀರಿಗೆ ಬಿಡಿ, ನೇರವಾಗಿ ಡೆವಲಪರಿಗೆ ಹಾಕಬೇಡಿ.

ಇಲ್‌ಫರ್ಡ್‌ನವರ ಎಚ್‌ಪಿ5 ಪ್ಲಸ್ ಫಿಲ್ಮಿಗೆ ಡಿ-76 ನೇರವಾಗಿ ಬಳಸಿದರೆ 20 ಡಿಗ್ರಿಯಲ್ಲಿ 7½ ನಿಮಿಷ, ಸಮಪಾಲು ನೀರು ಬೆರೆಸಿದರೆ 11 ನಿಮಿಷ. 24ಕ್ಕೆ ಏರಿದರೆ ಇದರ ಸುಮಾರು ಶೇ. 70 ಸಾಕು. ಅಂದರೆ ನೇರ ಪಾಕಕ್ಕೆ ಸುಮಾರು 5¼ ನಿಮಿಷ, ಸಮಪಾಲಿಗೆ 7½ರಿಂದ 8. ಐದು ನಿಮಿಷಕ್ಕಿಂತ ಕಡಿಮೆಯಾದರೆ ಡೆವಲಪ್ ಏಕಸಮವಾಗಿ ಆಗುವುದಿಲ್ಲ, ಆಕಾಶದಲ್ಲಿ ಪಟ್ಟೆ ಬೀಳುತ್ತದೆ. ಆದ್ದರಿಂದ ಬೇಸಿಗೆಗೆ ಸಮಪಾಲೇ ಉತ್ತಮ. ಒಂದು 36 ಚಿತ್ರದ ರೀಲಿಗೆ ಮೂಲ ಪಾಕ ಸುಮಾರು 240 ಮಿ.ಲೀ. ಆದರೂ ಇರಬೇಕು, ಬೆರೆಸಿದ್ದನ್ನು ಒಮ್ಮೆ ಬಳಸಿ ಚೆಲ್ಲಿ. ನೇರ ಪಾಕವಾದರೆ ಲೀಟರಿಗೆ ನಾಲ್ಕು ರೀಲು. ಡಿ-23ಕ್ಕೆ ಡಿ-76ರ ಸಮಯದಿಂದಲೇ ಶುರು ಮಾಡಿ, ತುಂಡು ಪರೀಕ್ಷೆಯ ಮೇಲೆ ಹೆಚ್ಚುಕಡಿಮೆ ಮಾಡಿಕೊಳ್ಳಿ.

ಇಡುವುದು, ಚೆಲ್ಲುವುದು

ತುಂಬಿದ, ಬಿಗಿ ಮುಚ್ಚಳದ ಬಾಟಲಿಯಲ್ಲಿ ಡಿ-76 ಆರು ತಿಂಗಳು, ಅರ್ಧ ಖಾಲಿಯಾದರೆ ಎರಡು ತಿಂಗಳು. ಅದಕ್ಕೇ ಒಂದು ಲೀಟರನ್ನು 250 ಮಿ.ಲೀ.ಯ ನಾಲ್ಕು ಕಂದು ಗಾಜಿನ ಬಾಟಲಿಗಳಲ್ಲಿ ಕಂಠಮಟ್ಟ ತುಂಬಿಡಿ. ತುಸು ಕಡಿಮೆ ಬಿದ್ದರೆ ಗಾಜಿನ ಗೋಲಿಗಳನ್ನು ಹಾಕಿ ಮಟ್ಟ ಏರಿಸಿ. ಬಿಸಿಲು ಬೀಳುವ ಗೋಡೆಯ ಕಪಾಟು ಬೇಡ, ಫ್ರಿಜ್ಜೂ ಬೇಡ. ತಂಪು ಪಾನೀಯದ ಬಾಟಲಿಯಲ್ಲಿ ಇಡಲೇಬಾರದು. ಬೇಸಿಗೆಯಲ್ಲಿ ಬಾಯಾರಿ ಬಂದ ಮಗು ಬಣ್ಣವಿಲ್ಲದ ನೀರನ್ನು ನೋಡಿ ಅನುಮಾನಿಸುವುದಿಲ್ಲ. ಪಾಕದ ಹೆಸರು, ಕಲಸಿದ ದಿನ, ಯಾವ ನೀರು, ಎಷ್ಟು ರೀಲು ಆಯಿತು, ಮತ್ತು ದೊಡ್ಡದಾಗಿ ವಿಷ ಎಂದು ಚೀಟಿಯ ಮೇಲೆ ಬರೆದು ಅಂಟಿಸಿ.

ಫರಸಿಯ ಮೇಲೆ ಚೆಲ್ಲಿದ್ದನ್ನು ಆಗಲೇ ಒದ್ದೆ ಬಟ್ಟೆಯಲ್ಲಿ ಒರೆಸಿ. ಒಣಗಿದರೆ ಕಂದು ಕಲೆಯಾಗುತ್ತದೆ, ಪುಡಿ ಎದ್ದು ಗಾಳಿಗೆ ಸೇರುತ್ತದೆ. ಸ್ಟಾಪ್ ಬಾತಿಗೆಂದು, ಅಂದರೆ ಡೆವಲಪರಿನ ಕೆಲಸವನ್ನು ನಿಲ್ಲಿಸಲೆಂದು, ಇಟ್ಟ ವಿನೆಗರ್ ಶಹಾಬಾದ್ ಕಲ್ಲಿನ ಮೇಲೆ ಬಿದ್ದರೆ ಕಲ್ಲನ್ನೇ ಕೊರೆದು ಮಚ್ಚೆ ಉಳಿಸುತ್ತದೆ, ಟ್ರೇ ಕೆಳಗೆ ಹಳೆಯ ಪ್ಲಾಸ್ಟಿಕ್ ಹಾಸಿಕೊಳ್ಳಿ. ಬಳಸಿ ಮುಗಿದ ಡೆವಲಪರನ್ನು ಹತ್ತಾರು ಪಾಲು ನೀರು ಬೆರೆಸಿ ಒಳಚರಂಡಿಗೆ ಬಿಡಿ. ತೆರೆದ ಗಟಾರ, ಬೋರ್‌ವೆಲ್ ಪಕ್ಕದ ಇಂಗುಗುಂಡಿ, ಹೊಲದ ಬದು ಇವುಗಳಿಗೆ ಬೇಡ. ಹೈಪೋದಲ್ಲಿ ಬೆಳ್ಳಿ ಕರಗಿರುತ್ತದೆ. ಅದನ್ನು ಎಲ್ಲಿಗೂ ಚೆಲ್ಲದೆ ಬೇರೆ ಕ್ಯಾನಿನಲ್ಲಿ ಕೂಡಿಡಿ. ಅದರೊಳಗೆ ತಿಕ್ಕುವ ಸ್ಟೀಲ್ ವುಲ್ ಮುಳುಗಿಸಿಟ್ಟರೆ ಕೆಲವು ದಿನಗಳಲ್ಲಿ ಕಬ್ಬಿಣ ಕರಗಿ, ಬೆಳ್ಳಿ ಕಪ್ಪು ಕೆಸರಾಗಿ ತಳಕ್ಕಿಳಿಯುತ್ತದೆ.